ಉಪಗ್ರಹ ಚಿತ್ರ ಹಿಡಿದು ಯುರೇನಿಯಂ ಹುಡುಕುವುದು ಹೇಗೆ: ಭೀಮಾ ಬೇಸಿನ್ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಭೂವಿಜ್ಞಾನದ ವಿದ್ಯಾರ್ಥಿಗಳು ಮಾಡಿ ತರುವ 'ಯುರೇನಿಯಂ ಸಂಭಾವ್ಯ ವಲಯ'ದ ನಕ್ಷೆಗಳಲ್ಲಿ ಕೆಂಪು ಬಣ್ಣದ ತೇಪೆಗಳು ಧಾರಾಳವಾಗಿರುತ್ತವೆ. ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರೆ ಒಂದು ಭತ್ತದ ಗದ್ದೆ, ಇನ್ನೊಂದು ಪರಸಿ ಕಲ್ಲಿನ ಗಣಿ, ಮತ್ತೊಂದು ಕಾಲುವೆಯ ಏರಿ. ತಪ್ಪು ಸಾಫ್ಟ್‌ವೇರಿನದಲ್ಲ, ಕೆಲಸದ ಕ್ರಮದ್ದು. ಚಿತ್ರ ಇಳಿಸಿಕೊಂಡು, ಬಣ್ಣ ಬರಿಸಿ, ಆಮೇಲೆ ಅದಕ್ಕೊಂದು ಭೂವಿಜ್ಞಾನ ಹುಡುಕುತ್ತಾರೆ. ಆಗಬೇಕಾದದ್ದು ಇದರ ತದ್ವಿರುದ್ಧ.

ಈ ಮಾರ್ಗದರ್ಶಿ ಮೇಜಿನ ಮೇಲಿನ ಅಧ್ಯಯನಕ್ಕೂ ಅದರ ಬೆನ್ನಿಗೆ ಬರುವ ನೆಲದ ಪರೀಕ್ಷೆಗೂ ಸೀಮಿತ. ಉದಾಹರಣೆಗೆ ಭೀಮಾ ಬೇಸಿನ್ ಎಂಬ ಹಳೆಯ ಕಲ್ಲುಪದರಗಳ ಸೀಮೆಯಲ್ಲಿರುವ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯನ್ನು ಇಟ್ಟುಕೊಂಡಿದ್ದೇನೆ. ನಿಕ್ಷೇಪ ಇರುವುದು ಗೊತ್ತಿರುವ ಜಾಗ ಅದು, ಹಾಗಾಗಿ ನಿಮ್ಮ ವಿಧಾನ ಸರಿಯೋ ತಪ್ಪೋ ಎಂದು ಅಳೆದು ನೋಡಲು ಅನುಕೂಲ.

## ಶುರು ಮಾಡುವ ಮುನ್ನ: ಉಪಗ್ರಹಕ್ಕೆ ಯುರೇನಿಯಂ ಕಾಣುವುದಿಲ್ಲ

ಯುರೇನಿಯಂ ಮತ್ತು ಅದರ ಮರಿ ಧಾತುಗಳಿಂದ ಹೊಮ್ಮುವ ಗಾಮಾ ಕಿರಣವನ್ನು ಅರ್ಧ ಮೀಟರ್ ಮಣ್ಣೇ ಬಹುಪಾಲು ತಡೆದುಬಿಡುತ್ತದೆ. ಅದನ್ನು ದಾಟಿ ಬಂದದ್ದು ಗಾಳಿಯಲ್ಲಿ ಕೆಲವು ನೂರು ಮೀಟರಿನೊಳಗೆ ಕರಗುತ್ತದೆ. ನೂರಾರು ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಅದು ತಲುಪುವ ಮಾತೇ ಇಲ್ಲ. ಲ್ಯಾಂಡ್‌ಸ್ಯಾಟ್ ಆಗಲಿ ಸೆಂಟಿನೆಲ್ ಆಗಲಿ ನೋಡುವುದು ನೆಲದ ಮೇಲ್ಮೈಯಿಂದ ವಾಪಸಾದ ಬಿಸಿಲನ್ನು. ಆ ಮೇಲ್ಮೈಯ ದಪ್ಪ ಒಂದು ಕೂದಲೆಳೆಯಷ್ಟೂ ಇರುವುದಿಲ್ಲ.

ಹಾಗಾದರೆ ಚಿತ್ರದಲ್ಲಿ ಹುಡುಕುವುದೇನನ್ನು? ಯುರೇನಿಯಂ ಬಂದು ನಿಲ್ಲಬಹುದಾದ ಮನೆಯನ್ನು. ಬಂಡೆ ಒಡೆದ ಗೆರೆ, ಎರಡು ಬಗೆಯ ಕಲ್ಲು ಸೇರುವ ಗಡಿ, ಬಿಸಿನೀರು ಹರಿದು ಬಣ್ಣ ಬದಲಾದ ಕಲ್ಲು, ಇಷ್ಟೇ. ವರದಿಯಲ್ಲಿ 'ಯುರೇನಿಯಂ ಪತ್ತೆಯಾಗಿದೆ' ಎಂದು ಬರೆದಿದ್ದರೆ ಆ ವಾಕ್ಯವನ್ನು ಈಗಲೇ ಹೊಡೆದುಹಾಕಿ.

## ಹಂತ 1: ಯಾವ ಬಗೆಯ ನಿಕ್ಷೇಪ ಎಂದು ಒಂದು ಪುಟ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಆಗಬೇಕಾದ ಕೆಲಸ ಇದು. ಹತ್ತರಲ್ಲಿ ಒಂಬತ್ತು ಜನ ಬಿಟ್ಟುಬಿಡುವ ಹಂತವೂ ಇದೇ.

ಯುರೇನಿಯಂನ ನಡತೆಯನ್ನು ಎರಡೇ ಮಾತಿನಲ್ಲಿ ಹೇಳಬಹುದು. ಆಮ್ಲಜನಕ ಇರುವ ನೀರಿನಲ್ಲಿ ಅದು ಕರಗಿ ಓಡಾಡುತ್ತದೆ, ಕಾರ್ಬೊನೇಟ್ ಇದ್ದರಂತೂ ಇನ್ನೂ ಸರಾಗ. ದಾರಿಯಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ), ಸಾವಯವ ವಸ್ತು ಮುಂತಾದ, ಆಮ್ಲಜನಕ ಕಸಿಯುವ ಅಪಕರ್ಷಕಗಳು ಎದುರಾದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ನಾಲ್ಕು: ಯುರೇನಿಯಂ ಬಂದದ್ದು ಯಾವ ಕಲ್ಲಿನಿಂದ? ನೀರು ಹರಿದ ದಾರಿ ಯಾವುದು? ಅದನ್ನು ತಡೆದು ನಿಲ್ಲಿಸಿದ್ದು ಯಾವುದು? ಇವುಗಳಲ್ಲಿ ಚಿತ್ರದಲ್ಲಿ ಕಾಣುವಂಥದ್ದು ಯಾವುದು?

ಉತ್ತರ ಊರಿಂದೂರಿಗೆ ಬೇರೆ. ಜಾರ್ಖಂಡ್‌ನ ಜಾದುಗೂಡದಲ್ಲಿ ಅದಿರು ಸಿಂಗಭೂಮ್ ಶಿಯರ್ ವಲಯದ ಜಜ್ಜಿದ ಕಲ್ಲಿನಲ್ಲಿದೆ. ಆಂಧ್ರದ ತುಮ್ಮಲಪಲ್ಲೆಯಲ್ಲಿ ಸುಣ್ಣಕಲ್ಲಿನ ಜಾತಿಯ ಡೋಲೊಮೈಟ್ ಪದರದೊಳಗೆ ಹಾಳೆಯಂತೆ ಹರಡಿದೆ, ಅಲ್ಲಿ ಫಾಲ್ಟ್ (ಬಂಡೆ ಒಡೆದು ಸರಿದ ಗೆರೆ) ಹುಡುಕುತ್ತ ಕೂತರೆ ದಿನ ವ್ಯರ್ಥ. ಮೇಘಾಲಯದ ದೊಮಿಯಾಸಿಯಾತ್‌ನಲ್ಲಿ ಅದು ಮರಳುಗಲ್ಲಿನಲ್ಲಿದೆ. ಕೆನಡಾದ ಅಥಬಾಸ್ಕದಲ್ಲಿ ಹಳೆಯ ಬಂಡೆಯ ಸವೆದ ಮೈಯ ಮೇಲೆ ಹೊಸ ಮರಳುಗಲ್ಲು ಕೂತ ಗಡಿಯಲ್ಲಿ ಸಿಗುತ್ತದೆ. ಆ ಗಡಿಯನ್ನೇ ಅನ್‌ಕನ್ಫರ್ಮಿಟಿ ಎನ್ನುವುದು.

ಗೋಗಿಯ ಕಥೆ ಹೀಗಿದೆ. ಕೆಳಗೆ, ಪುರಾತನ ಭೂಖಂಡದ ತುಂಡಾದ ಧಾರವಾಡ ಕ್ರೇಟಾನ್‌ನ ಹಳೆಯ ಗ್ರಾನೈಟ್. ಅದರ ಮೇಲೆ ಭೀಮಾ ಬೇಸಿನ್ನಿನ ಪದರಗಳು: ತಳದಲ್ಲಿ ಗುಂಡುಕಲ್ಲು ಬೆರೆತ ಮರಳುಗಲ್ಲು ಮತ್ತು ಶೇಲ್ (ಜೇಡಿಗಲ್ಲು), ಅದರ ಮೇಲೆ ನಾವು ಮನೆಗೆ ಹಾಸುವ ಶಹಾಬಾದ್ ಸುಣ್ಣಕಲ್ಲು. ಇವೆಲ್ಲವನ್ನೂ ಪೂರ್ವ-ಪಶ್ಚಿಮವಾಗಿ ಸೀಳಿಕೊಂಡು ಗೋಗಿ-ಕುರ್ಲಗೇರಾ ಫಾಲ್ಟ್ ಹೋಗುತ್ತದೆ. ಆ ಫಾಲ್ಟ್ ಉದ್ದಕ್ಕೂ ನುಚ್ಚಾದ ಸುಣ್ಣಕಲ್ಲಿನಲ್ಲೂ ಅಡಿಯ ಗ್ರಾನೈಟ್‌ನಲ್ಲೂ ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು ಕೂತಿವೆ, ಜೊತೆಗೆ ಪೈರೈಟ್. ಮೂಲ ಗ್ರಾನೈಟ್, ದಾರಿ ಫಾಲ್ಟ್, ತಡೆದದ್ದು ಪೈರೈಟಿನಂಥ ಅಪಕರ್ಷಕಗಳು ಎಂದು ಓದಿಕೊಳ್ಳಬಹುದು. ಇದರಲ್ಲಿ ಚಿತ್ರದಲ್ಲಿ ಕಾಣಬಹುದಾದದ್ದು ಎರಡೇ: ಫಾಲ್ಟ್ ಮತ್ತು ಗ್ರಾನೈಟ್-ಸುಣ್ಣಕಲ್ಲಿನ ಗಡಿ. ಮುಂದಿನ ಇಡೀ ಕೆಲಸ ಈ ಎರಡರ ಸುತ್ತ.

ಎಚ್ಚರಿಕೆಯ ಗುರುತು: ನಿಮ್ಮ ಮಾದರಿಯ ಪುಟದಲ್ಲಿ ಊರಿನ ಹೆಸರು ಬದಲಿಸಿದರೂ ಅದು ಸರಿಯಾಗಿಯೇ ಓದಿಸಿಕೊಳ್ಳುತ್ತಿದ್ದರೆ ನೀವು ಬರೆದದ್ದು ಮಾದರಿಯಲ್ಲ, ಪೀಠಿಕೆ.

## ಹಂತ 2: ಗಡಿ ಹಾಕಿ, ಸಲಕರಣೆ ಜೋಡಿಸಿ

ಭೀಮಾ ಬೇಸಿನ್ ಎಂದರೆ ಭೀಮಾ ನದಿಯ ಜಲಾನಯನ ಅಲ್ಲ. ನಗಬೇಡಿ, ನದಿಯ ಗಡಿ ಇಳಿಸಿಕೊಂಡು ಮಹಾರಾಷ್ಟ್ರದ ಸಹ್ಯಾದ್ರಿಯವರೆಗೆ ವಿಶ್ಲೇಷಣೆ ಮಾಡಿದ ನಕ್ಷೆಯನ್ನು ಕಣ್ಣಾರೆ ನೋಡಿದ್ದೇನೆ. ನಮಗೆ ಬೇಕಾದದ್ದು ಕಲ್ಲುಪದರಗಳ ಬೇಸಿನ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲೂ ಪಕ್ಕದ ತೆಲಂಗಾಣದಲ್ಲೂ ಹರಡಿರುವ ಇದರ ಉತ್ತರದ ಅಂಚು ಡೆಕ್ಕನ್ ಟ್ರ್ಯಾಪಿನ ಕಪ್ಪು ಬಸಾಲ್ಟ್ ಕೆಳಗೆ ಮುಚ್ಚಿಹೋಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್‌ನಲ್ಲಿ ಭೂವೈಜ್ಞಾನಿಕ ನಕ್ಷೆ ಸಿಗುತ್ತದೆ. ಗಡಿ ಅಲ್ಲಿಂದ ತೆಗೆದುಕೊಳ್ಳಿ, ಸುತ್ತ 10 ಕಿಲೋಮೀಟರ್ ಗ್ರಾನೈಟ್ ಪ್ರದೇಶವನ್ನೂ ಸೇರಿಸಿ. ಬೇಸಿನ್ನಿನ ಅಂಚಿಗೇ ಕತ್ತರಿಸಿದರೆ ನಮಗೆ ಮುಖ್ಯವಾದ ಗಡಿಯೇ ನಕ್ಷೆಯ ಚೌಕಟ್ಟಿಗೆ ಸಿಕ್ಕಿ ಹಾಳಾಗುತ್ತದೆ.

ಸಾಫ್ಟ್‌ವೇರಿಗೆ ಕ್ಯೂಜಿಐಎಸ್ ಸಾಕು, ಸೆಂಟಿನೆಲ್ ಚಿತ್ರಕ್ಕೆ ಸ್ನ್ಯಾಪ್ ಇದ್ದರೆ ಒಳ್ಳೆಯದು. ಎರಡೂ ಉಚಿತ. ಎಲ್ಲ ಪದರಗಳನ್ನೂ ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ತಂದುಕೊಳ್ಳಿ. ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟರೆ ಮುಂದೆ ದೂರ ಅಳೆಯುವಾಗ ಮೀಟರ್ ಬದಲು ಡಿಗ್ರಿ ಬಂದು ತಲೆ ಕೆಡುತ್ತದೆ.

## ಹಂತ 3: ಚಿತ್ರ ಆರಿಸಿ, ಯಾವ ತಿಂಗಳಿನದು ಎನ್ನುವುದೇ ಅರ್ಧ ಕೆಲಸ

ಬೇಕಾದ ಚಿತ್ರ ಮೂರು ಬಗೆ. ಲ್ಯಾಂಡ್‌ಸ್ಯಾಟ್ 8 ಅಥವಾ 9, ವಿವರ 30 ಮೀಟರ್ (ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಅಷ್ಟಗಲ). ಸೆಂಟಿನೆಲ್-2, ವಿವರ 10 ಮತ್ತು 20 ಮೀಟರ್. ಕಲ್ಲಿನ ಬಗೆ ಬಿಡಿಸಿ ನೋಡಲು ಟೆರ್ರಾ ಉಪಗ್ರಹದ ಆಸ್ಟರ್ ಉಪಕರಣದ ಚಿತ್ರ. ಇವುಗಳ ಜೊತೆಗೆ ಎತ್ತರದ ದತ್ತಾಂಶವಾಗಿ ಎಸ್‌ಆರ್‌ಟಿಎಂ, ಇಲ್ಲವೇ ಇಸ್ರೋದ ಭುವನ್‌ನಲ್ಲಿ ಸಿಗುವ ಕಾರ್ಟೊಸ್ಯಾಟ್ ಎತ್ತರ ಮಾದರಿ.

ಆಸ್ಟರ್ ವಿಷಯದಲ್ಲಿ ಒಂದು ದೊಡ್ಡ ಗುಂಡಿ ಇದೆ. ಖನಿಜ ಗುರುತಿಸಲು ಬೇಕಾದ ಅದರ ಕಿರುತರಂಗ ಅತಿಗೆಂಪು ಬ್ಯಾಂಡುಗಳು (ಬೆಳಕಿನ ತರಂಗಾಂತರದ ಪಟ್ಟಿಗಳು), ಅಂದರೆ 4ರಿಂದ 9, ಏಪ್ರಿಲ್ 2008ರಲ್ಲಿ ಕೆಟ್ಟುಹೋದವು. ಅದಕ್ಕಿಂತ ಹಿಂದಿನ ದೃಶ್ಯಗಳನ್ನೇ ತೆಗೆದುಕೊಳ್ಳಿ. 2008ರ ನಂತರದ ಕಡತದಲ್ಲೂ ಆ ಬ್ಯಾಂಡುಗಳು ಹೆಸರಿಗೆ ಇರಬಹುದು, ಒಳಗೆ ಉಪಯೋಗಕ್ಕೆ ಬರುವ ಸಂಖ್ಯೆ ಇರುವುದಿಲ್ಲ. ಬ್ಯಾಂಡ್ 4ರ ಬೆಳಕು 5 ಮತ್ತು 9ಕ್ಕೆ ಸೋರುವ ದೋಷವೂ ಇದಕ್ಕಿದೆ. ಆ ದೋಷ ಸರಿಪಡಿಸಿದ ಆವೃತ್ತಿಯನ್ನೇ ಇಳಿಸಿಕೊಳ್ಳಿ.

ಈಗ ತಿಂಗಳು. ಕಲ್ಲಿನ ಬಣ್ಣ ನೋಡಲು ಮಾರ್ಚ್-ಏಪ್ರಿಲ್ ಒಳ್ಳೆಯದು. ತೊಗರಿ, ಜೋಳ, ಕಡಲೆ ಕಟಾವಾಗಿ ಹೊಲ ಬರಿದಾಗಿರುತ್ತದೆ, ಮೋಡ ಕಡಿಮೆ. ಆದರೆ ಗೆರೆ ಹುಡುಕಲು ಅದೇ ಏಪ್ರಿಲ್ ಚಿತ್ರ ಮೋಸ ಮಾಡುತ್ತದೆ. ಕಾರಣ ನೆರಳು. ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾಯುವುದು ಬೆಳಗಿನ ಹತ್ತೂವರೆ ಗಂಟೆಯ ಸುಮಾರಿಗೆ. ಏಪ್ರಿಲ್‌ನಲ್ಲಿ ಆ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ಪೂರ್ವದಲ್ಲೇ, ಅದೂ ಎತ್ತರದಲ್ಲಿ. ಪೂರ್ವ-ಪಶ್ಚಿಮವಾಗಿ ಹೋಗುವ ಗೆರೆಗೆ ನೆರಳೇ ಬೀಳುವುದಿಲ್ಲ. ಗೋಗಿ ಫಾಲ್ಟ್ ಹೋಗುವುದು ಅದೇ ದಿಕ್ಕಿಗೆ!

ಡಿಸೆಂಬರ್ ಚಿತ್ರದಲ್ಲಿ ಸೂರ್ಯ ಆಗ್ನೇಯದಲ್ಲಿ, ತಗ್ಗಿನಲ್ಲಿ. ಪೂರ್ವ-ಪಶ್ಚಿಮದ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತವೆ. ಆದರೆ ಆಗ್ನೇಯ-ವಾಯವ್ಯ ದಿಕ್ಕಿನವು ಮಂಕಾಗುತ್ತವೆ, ಇದೇ ಬೇಸಿನ್ನಿನ ತೀರ್ಥ-ತಿಂಥಣಿ ಫಾಲ್ಟ್ ಆ ಜಾತಿಯದು. ಹಾಗಾಗಿ ಒಂದು ಚಿತ್ರದಿಂದ ಆಗುವ ಕೆಲಸವಲ್ಲ ಇದು. ಬಣ್ಣಕ್ಕೆ ಏಪ್ರಿಲ್, ಗೆರೆಗೆ ಡಿಸೆಂಬರ್ ಮತ್ತು ಏಪ್ರಿಲ್ ಎರಡೂ. ಪ್ರತಿ ಚಿತ್ರದ ಜೊತೆ ಬರುವ ವಿವರದ ಕಡತದಲ್ಲಿ, ಅಂದರೆ ಮೆಟಾಡೇಟಾದಲ್ಲಿ, ಸೂರ್ಯನ ದಿಕ್ಕಿನ ಕೋನ ಇರುತ್ತದೆ, ಬರೆದಿಟ್ಟುಕೊಳ್ಳಿ.

## ಹಂತ 4: ಸಂಖ್ಯೆಯನ್ನು ಪ್ರತಿಫಲನಕ್ಕೆ ತನ್ನಿ

'ಲೆವೆಲ್-2 ಇಳಿಸಿಕೊಂಡಿದ್ದೇನೆ, ತಿದ್ದುಪಡಿ ಎಲ್ಲಾ ಆಗಿದೆ' ಎಂದು, ಕಲ್ಲು ಗುರುತಿಸಲು ಒಂದು ಬ್ಯಾಂಡನ್ನು ಇನ್ನೊಂದರಿಂದ ಭಾಗಿಸುವ ಕೆಲಸಕ್ಕೆ (ಹಂತ 6) ನೇರ ಇಳಿಯುವುದು ನಾನು ಅತಿ ಹೆಚ್ಚು ಕಂಡ ತಪ್ಪು. ವಾತಾವರಣದ ತಿದ್ದುಪಡಿ ಆಗಿರುವುದು ನಿಜ. ಆದರೆ ಕಡತದೊಳಗಿನ ಸಂಖ್ಯೆ ಪ್ರತಿಫಲನ (ಬಿದ್ದ ಬಿಸಿಲಿನಲ್ಲಿ ವಾಪಸಾದ ಪಾಲು) ಅಲ್ಲ, ಅದರ ಸಂಕೇತ ರೂಪ.

ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2ರಲ್ಲಿ ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಒಂದು ಲೆಕ್ಕ ನೋಡಿ. ಒಂದು ಬ್ಯಾಂಡಿನಲ್ಲಿ 12,000, ಇನ್ನೊಂದರಲ್ಲಿ 10,000 ಇದೆ ಎನ್ನೋಣ. ನೇರ ಭಾಗಿಸಿದರೆ 1.2. ಪ್ರತಿಫಲನಕ್ಕೆ ತಂದರೆ 0.13 ಮತ್ತು 0.075, ಅನುಪಾತ 1.73. ಗುಣಾಕಾರ ಮಾತ್ರ ಇದ್ದಿದ್ದರೆ ಭಾಗಿಸುವಾಗ ಹೊಡೆದುಹೋಗುತ್ತಿತ್ತು, ಈ ಕಳೆಯುವ 0.2 ಹೊಡೆದುಹೋಗುವುದಿಲ್ಲ. ಎರೆ ಮಣ್ಣಿನಂಥ ಕಪ್ಪು ನೆಲದಲ್ಲಿ ಸಂಖ್ಯೆಗಳೇ ಸಣ್ಣವು, ಆದ್ದರಿಂದ ತಪ್ಪು ದೊಡ್ಡದು.

ಸೆಂಟಿನೆಲ್-2ರಲ್ಲಿ 2022ರ ಜನವರಿ 25ರಿಂದ ಇಂಥದೇ ಬದಲಾವಣೆ ಬಂತು. ಸಂಖ್ಯೆಯಿಂದ 1,000 ಕಳೆದು 10,000ರಿಂದ ಭಾಗಿಸಬೇಕು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹೊಲಿಯುವವರು ಮೆಟಾಡೇಟಾ ತೆರೆದು ಯಾವುದಕ್ಕೆ ಆ ಆಫ್‌ಸೆಟ್ ಇದೆ ಎಂದು ನೋಡದೆ ಮುಂದೆ ಹೋಗಬೇಡಿ.

ಎಚ್ಚರಿಕೆಯ ಗುರುತು: ಎರಡು ದೃಶ್ಯಗಳನ್ನು ಜೋಡಿಸಿದ ಕಡೆ ನೇರ ಗೆರೆಯೊಂದು ಉಳಿದಿದೆಯೇ? ಈ ಹಂತಕ್ಕೆ ವಾಪಸು ಬನ್ನಿ. ಆ ಗೆರೆಯನ್ನೇ ಲಿನಿಯಮೆಂಟ್ (ನೆಲದ ರಚನೆ ತೋರಿಸುವ ಗೆರೆ) ಎಂದು ಬರೆದವರೂ ಇದ್ದಾರೆ.

## ಹಂತ 5: ಬೇಡದ್ದನ್ನು ಮುಚ್ಚಿ

ಹಸಿರು, ನೀರು, ಊರು, ಗಣಿ, ಈ ನಾಲ್ಕನ್ನೂ ಅನುಪಾತ ತೆಗೆಯುವ ಮೊದಲು ಮುಚ್ಚಬೇಕು.

ಹಸಿರಿಗೆ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕದ ಲೆಕ್ಕ ಹಾಕಿ. ಈ ಒಣ ಪ್ರದೇಶದಲ್ಲಿ 0.25ಕ್ಕಿಂತ ಮೇಲಿನದನ್ನು ಮುಚ್ಚುವುದರಿಂದ ಶುರು ಮಾಡಿ, ಚಿತ್ರ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ. ಇದು ಅಲಂಕಾರಕ್ಕೆ ಹೇಳುವ ಮಾತಲ್ಲ. ಹಸಿ ಎಲೆಯೊಳಗಿನ ನೀರು 2.2 ಮೈಕ್ರಾನ್ ಸುತ್ತ ಬೆಳಕನ್ನು ನುಂಗುತ್ತದೆ, ಜೇಡಿ ಖನಿಜವೂ ಅಲ್ಲೇ ನುಂಗುತ್ತದೆ. ಮುಚ್ಚದೇ ಬಿಟ್ಟರೆ ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳೆಲ್ಲ 'ಖನಿಜ ಬದಲಾವಣೆಯ ವಲಯ' ಆಗಿ ಕೆಂಪಗೆ ಹೊಳೆಯುತ್ತವೆ. ಲೇಖನದ ಶುರುವಿನಲ್ಲಿ ಹೇಳಿದ ಭತ್ತದ ಗದ್ದೆ ಬಂದದ್ದು ಹೀಗೆ.

ಪರಸಿ ಗಣಿ, ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲು ಗಣಿಗಳನ್ನು ಕೈಯಿಂದಲೇ ಗುರುತಿಸಿ ಮುಚ್ಚಿ. ಹೊಸದಾಗಿ ಒಡೆದ ಕಲ್ಲು ಎಷ್ಟು ಹೊಳೆಯುತ್ತದೆಂದರೆ ಇಡೀ ನಕ್ಷೆಯ ಬಣ್ಣದ ಅಳತೆಯನ್ನೇ ಎಳೆದುಬಿಡುತ್ತದೆ.

## ಹಂತ 6: ಕಲ್ಲು ಬಿಡಿಸಿ ನೋಡಿ

ಮೊದಲು ಲ್ಯಾಂಡ್‌ಸ್ಯಾಟ್‌ನ 7, 5, 2 ಬ್ಯಾಂಡುಗಳನ್ನು ಕೆಂಪು, ಹಸಿರು, ನೀಲಿಗೆ ಕೊಟ್ಟು ಒಂದು ಚಿತ್ರ ಮಾಡಿ ಸುಮ್ಮನೆ ಅರ್ಧ ಗಂಟೆ ನೋಡಿ. ಗ್ರಾನೈಟ್ ಗುಡ್ಡಗಳ ಮೈ ಒರಟು, ಕೆಂಪು ಮಣ್ಣಿನ ನೆಲ ಅದರ ಸುತ್ತ. ಸುಣ್ಣಕಲ್ಲಿನ ಬಯಲು ನುಣುಪು. ಬಸಾಲ್ಟ್ ಮೇಲಿನ ಎರೆಭೂಮಿ ಕಪ್ಪು. ಭೂಕೋಶ್ ನಕ್ಷೆ ಮೇಲಿಟ್ಟು ಗಡಿಗಳು ಎಲ್ಲಿ ಹೊಂದುತ್ತವೆ, ಎಲ್ಲಿ ಇಲ್ಲ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಹೊಂದದ ಜಾಗಗಳೇ ನಾಳೆ ನೆಲದ ಮೇಲೆ ನೋಡಬೇಕಾದ ಜಾಗಗಳು.

ಆಮೇಲೆ ಅನುಪಾತ. ಕಬ್ಬಿಣದ ತುಕ್ಕಿಗೆ ಬ್ಯಾಂಡ್ 4 ಭಾಗಿಸು 2. ಜೇಡಿ ಮತ್ತು ಕಾರ್ಬೊನೇಟ್‌ಗೆ 6 ಭಾಗಿಸು 7. ಸೆಂಟಿನೆಲ್‌ನಲ್ಲಿ ಕ್ರಮವಾಗಿ 4 ಭಾಗಿಸು 2 ಮತ್ತು 11 ಭಾಗಿಸು 12. ಲ್ಯಾಂಡ್‌ಸ್ಯಾಟ್‌ನ ಬ್ಯಾಂಡ್ 7 ಅಗಲವಾದದ್ದು, ಜೇಡಿಯನ್ನೂ ಸುಣ್ಣವನ್ನೂ ಬೇರೆ ಮಾಡಿ ತೋರಿಸಲಾರದು. ಅದಕ್ಕೇ ಆಸ್ಟರ್ ಬೇಕಾಗುವುದು. ಜೇಡಿ ಮತ್ತು ಅಭ್ರಕದ ಜಾತಿಗೆ 5 ಮತ್ತು 7ರ ಮೊತ್ತವನ್ನು 6ರಿಂದ ಭಾಗಿಸಿ, ಕಾರ್ಬೊನೇಟ್‌ಗೆ 7 ಮತ್ತು 9ರ ಮೊತ್ತವನ್ನು 8ರಿಂದ ಭಾಗಿಸಿ. ಉಷ್ಣ ಬ್ಯಾಂಡುಗಳಲ್ಲಿ 13 ಭಾಗಿಸು 14 ಕೂಡ ಸುಣ್ಣಕಲ್ಲಿಗೆ ಸಹಾಯಕ್ಕೆ ಬರುತ್ತದೆ, ಆದರೆ ಅಲ್ಲಿ ವಿವರ 90 ಮೀಟರ್.

ಭೀಮಾ ಬೇಸಿನ್ನಿನಲ್ಲಿ ಈ ನಕ್ಷೆಗಳನ್ನು ಓದುವಾಗ ಮೂರು ಮೋಸ ನೆನಪಿರಲಿ. ಎರೆ ಮಣ್ಣು ತಾನೇ ಸ್ಮೆಕ್ಟೈಟ್ ಜೇಡಿಯ ಮುದ್ದೆ, ಜೇಡಿ ಅನುಪಾತ ಅಲ್ಲಿ ಏರಿದರೆ ಅದು ಮಣ್ಣು, ಬಿಸಿನೀರಿನ ಗುರುತಲ್ಲ. ಸುಣ್ಣಕಲ್ಲಿನ ಸೀಮೆಯಲ್ಲಿ ಕಾರ್ಬೊನೇಟ್ ನಕ್ಷೆ ತುಂಬಿ ತುಳುಕುವುದು ಸಹಜ, ಅದರಲ್ಲಿ ಹೆಚ್ಚಳ ಅಲ್ಲ, ಗ್ರಾನೈಟ್ ಒಳಗೆ ಅನಿರೀಕ್ಷಿತವಾಗಿ ಕಾಣುವ ಕಾರ್ಬೊನೇಟ್ ಗೆರೆ ನೋಡಬೇಕು. ಕೆಂಪು ಮಸಾರಿ ನೆಲದಲ್ಲಿ ಕಬ್ಬಿಣದ ಅನುಪಾತ ಎಲ್ಲೆಲ್ಲೂ ಎತ್ತರ. ಹಾಗಾಗಿ ಇಡೀ ದೃಶ್ಯಕ್ಕೆ ಒಂದೇ ಮಿತಿ ಇಡದೆ ಕಲ್ಲಿನ ಬಗೆಯೊಂದಕ್ಕೆ ಒಂದು ಮಿತಿ ಇಡಿ: ಗ್ರಾನೈಟ್ ಪ್ರದೇಶದ ಸರಾಸರಿಗೆ ಗ್ರಾನೈಟ್, ಸುಣ್ಣಕಲ್ಲಿನ ಸರಾಸರಿಗೆ ಸುಣ್ಣಕಲ್ಲು.

ನನ್ನ ಅಭಿಪ್ರಾಯ ಕೇಳಿದರೆ, ಈ ಬೇಸಿನ್ನಿನಲ್ಲಿ ಅನುಪಾತದ ನಕ್ಷೆಗಳು ಪೋಷಕ ಪಾತ್ರವಷ್ಟೇ. ನಾಯಕ ಮುಂದಿನ ಹಂತದಲ್ಲಿ ಬರುತ್ತಾನೆ.

## ಹಂತ 7: ಗೆರೆ ಎಳೆಯಿರಿ, ಕೈಯಿಂದಲೇ

ತಾನಾಗಿ ಗೆರೆ ಹುಡುಕುವ ಉಪಕರಣಗಳು ಹೊಲದ ಬದು, ರಸ್ತೆ, ವಿದ್ಯುತ್ ಲೈನು, ಕಾಲುವೆ ಯಾವುದನ್ನೂ ಬಿಡುವುದಿಲ್ಲ. ಸಾವಿರ ಗೆರೆ ಬಂತೆಂದು ಹಿಗ್ಗಬೇಡಿ. ಕೈಯಿಂದ ಎಳೆಯಿರಿ, ಹೀಗೆ:

1. ಪರದೆಯ ಅಳತೆಯನ್ನು 1:50,000ಕ್ಕೆ ಕಟ್ಟಿಹಾಕಿ. ಒಮ್ಮೆ ಹತ್ತಿರ, ಒಮ್ಮೆ ದೂರ ಮಾಡುತ್ತ ಎಳೆದ ಗೆರೆಗಳನ್ನು ಹೋಲಿಸಲಾಗದು.
2. ರಸ್ತೆ, ರೈಲು, ಕಾಲುವೆಗಳ ಪದರವನ್ನು ಮೊದಲೇ ಮೇಲಿಟ್ಟುಕೊಳ್ಳಿ. ಅವುಗಳ ಮೇಲೆ ಬೀಳುವ ಗೆರೆ ಬೇಡ.
3. ಎತ್ತರದ ದತ್ತಾಂಶದಿಂದ ನೆರಳಿನ ಚಿತ್ರ ಮಾಡಿ: ಬೆಳಕಿನ ದಿಕ್ಕು 0, 45, 90, 135 ಡಿಗ್ರಿ. ನೆಲ ಚಪ್ಪಟೆಯಾದ್ದರಿಂದ ಎತ್ತರವನ್ನು ಐದು ಪಟ್ಟು ಉಬ್ಬಿಸಿ, ಬೆಳಕಿನ ಕೋನ ತಗ್ಗಿಸಿ.
4. ಪ್ರತಿ ಗೆರೆಗೂ ಕಾರಣ ಬರೆಯಿರಿ: ಹಳ್ಳ ಇದ್ದಕ್ಕಿದ್ದಂತೆ ನೇರವಾಯಿತು, ಕಲ್ಲಿನ ಗಡಿ ಕಡಿದು ಪಕ್ಕಕ್ಕೆ ಸರಿದಿದೆ, ಗಿಡಗಳು ಸಾಲು ಹಿಡಿದಿವೆ, ಮಣ್ಣಿನ ಬಣ್ಣ ಬದಲಾಗಿದೆ. ಕಾರಣ ಹೊಳೆಯದಿದ್ದರೆ ಗೆರೆ ಅಳಿಸಿ.
5. ಇನ್ನೊಬ್ಬರಿಗೆ ನಿಮ್ಮ ಗೆರೆ ತೋರಿಸದೆ ಅದೇ ಪ್ರದೇಶ ಕೊಡಿ. ಇಬ್ಬರಲ್ಲೂ ಬಂದ ಗೆರೆಗಳನ್ನು ಮೊದಲ ದರ್ಜೆಗೆ ಹಾಕಿ, ಉಳಿದವು ಎರಡನೇ ದರ್ಜೆ.

ಆಮೇಲೆ ದಿಕ್ಕಿನ ಗುಲಾಬಿ ಚಿತ್ರ (ಯಾವ ದಿಕ್ಕಿಗೆ ಎಷ್ಟು ಗೆರೆ ಎಂದು ತೋರಿಸುವ ದುಂಡು ಚಿತ್ರ) ಮಾಡಿ, ಗೆರೆಗಳ ಸಂಖ್ಯೆಯ ಮೇಲಲ್ಲ, ಉದ್ದದ ಮೇಲೆ. ಪೂರ್ವ-ಪಶ್ಚಿಮ ಮತ್ತು ವಾಯವ್ಯ-ಆಗ್ನೇಯ ದಿಕ್ಕುಗಳು ಎದ್ದು ಬರಬೇಕು, ಏಕೆಂದರೆ ಬೇಸಿನ್ನಿನ ದೊಡ್ಡ ಫಾಲ್ಟುಗಳು ಅವೇ. ಸರಿಯಾಗಿ ಸೂರ್ಯನ ದಿಕ್ಕಿಗೆ ಅಡ್ಡವಾದ ಗೆರೆಗಳೇ ತುಂಬಿದ್ದರೆ ನೀವು ನಕ್ಷೆ ಮಾಡಿದ್ದು ನೆಲದ್ದಲ್ಲ, ಬಿಸಿಲಿನದು.

ಗೆರೆಗಳ ಸಾಂದ್ರತೆಯ ನಕ್ಷೆಗೆ ಹೆಚ್ಚು ಬೆಲೆ ಕೊಡಬೇಡಿ. ಬರಿಬಂಡೆ ಇರುವಲ್ಲಿ ಗೆರೆ ಹೆಚ್ಚು ಕಾಣುತ್ತದೆ, ಎರೆ ಮಣ್ಣು ಮುಚ್ಚಿದಲ್ಲಿ ಕಾಣುವುದಿಲ್ಲ. ಸಾಂದ್ರತೆಯ ನಕ್ಷೆ ಅಷ್ಟಕ್ಕೇ ಗ್ರಾನೈಟ್ ನಕ್ಷೆಯಾಗಿ ಬದಲಾಗಿರುತ್ತದೆ. ಒಂದೇ ಒಂದು ಉದ್ದನೆಯ ಫಾಲ್ಟ್ ಸುಣ್ಣಕಲ್ಲು-ಗ್ರಾನೈಟ್ ಗಡಿಯ ಮೇಲೆ ಕೂತಿದ್ದರೆ ಅದು ಐವತ್ತು ಚಿಲ್ಲರೆ ಬಿರುಕಿಗಿಂತ ದೊಡ್ಡದು.

## ಹಂತ 8: ವಿಕಿರಣದ ದತ್ತಾಂಶ ಇದ್ದರೆ ಈಗ ತನ್ನಿ

ವಿಮಾನ ಅಥವಾ ಹೆಲಿಕಾಪ್ಟರಿನಿಂದ ತಗ್ಗಿನಲ್ಲಿ ಹಾರಿ ಮಾಡಿದ ಗಾಮಾ ಸಮೀಕ್ಷೆಯ ದತ್ತಾಂಶ ಸಿಕ್ಕರೆ ಅದೃಷ್ಟ. ಅದರಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರು ಕಾಲಂ ಇರುತ್ತವೆ. ನೆನಪಿಡಿ, ಉಪಕರಣ ಯುರೇನಿಯಂ ಅನ್ನೇ ಅಳೆಯುವುದಿಲ್ಲ. ಅದರ ಕ್ಷಯದ ಸರಪಳಿಯ ಕೊನೆಯ ಭಾಗದಲ್ಲಿ ಬರುವ ಬಿಸ್ಮತ್-214 ಹೊಮ್ಮಿಸುವ 1.76 ಎಂಇವಿ ಕಿರಣ ಅಳೆದು, ಅಷ್ಟು ಯುರೇನಿಯಂ ಇರಬೇಕೆಂದು ಲೆಕ್ಕ ಹಾಕುತ್ತದೆ. ನೀರು ಹರಿದು ಯುರೇನಿಯಂ ಕೊಚ್ಚಿಹೋಗಿ ಅದರ ಮರಿ ಧಾತುವಾದ ರೇಡಿಯಂ ಮಾತ್ರ ಉಳಿದಿದ್ದರೂ ಉಪಕರಣ ಕುಣಿಯುತ್ತದೆ.

ಒಟ್ಟು ಗಾಮಾ ಎಣಿಕೆಯ ನಕ್ಷೆ ಬದಿಗಿಡಿ. ಗುಲಾಬಿ ಫೆಲ್ಡ್‌ಸ್ಪಾರ್ ತುಂಬಿದ ಗ್ರಾನೈಟ್ ಪೊಟ್ಯಾಸಿಯಂ ಒಂದರಿಂದಲೇ ಎಣಿಕೆ ಏರಿಸುತ್ತದೆ. ಯುರೇನಿಯಂ ಭಾಗಿಸು ಥೋರಿಯಂ ನೋಡಿ. ಸಾಮಾನ್ಯ ಬಂಡೆಯಲ್ಲಿ ಥೋರಿಯಂ ಯುರೇನಿಯಂಗಿಂತ ಮೂರೂವರೆ-ನಾಲ್ಕು ಪಟ್ಟು ಇರುತ್ತದೆ. ಆ ಲೆಕ್ಕ ತಿರುಗಿಬಿದ್ದು ಯುರೇನಿಯಂ ಮೇಲಾದ ಜಾಗ ಗಮನಕ್ಕೆ ಯೋಗ್ಯ. ಸುಣ್ಣಕಲ್ಲಿನಲ್ಲಿ ಹಾಗೆ ಕಂಡರೆ ಫಾಸ್ಫೇಟ್ ಇದೆಯೇ ಎಂದೂ ನೋಡಿ, ಫಾಸ್ಫೇಟ್ ತಾನಾಗಿಯೇ ಒಂದಿಷ್ಟು ಯುರೇನಿಯಂ ಹಿಡಿದಿಟ್ಟುಕೊಳ್ಳುತ್ತದೆ.

## ಹಂತ 9: ಸಾಕ್ಷ್ಯ ಕೂಡಿಸಿ, ಗೋಗಿಯನ್ನು ಬಚ್ಚಿಟ್ಟು ಪರೀಕ್ಷಿಸಿ

ಪದರಗಳಿಗೆ ತೂಕ ಕೊಡುವಾಗ ಹಂತ 1ರ ಪುಟ ಕೈಯಲ್ಲಿರಲಿ. ನಾನು ಕೊಡುವ ತೂಕ ಇದು: ಫಾಲ್ಟಿನ ಸಾಮೀಪ್ಯಕ್ಕೆ 5, ಗ್ರಾನೈಟ್-ಪದರಗಲ್ಲಿನ ಗಡಿಗೆ 4, ಯುರೇನಿಯಂ-ಥೋರಿಯಂ ಅನುಪಾತ ಇದ್ದರೆ 5, ಖನಿಜ ಬದಲಾವಣೆಗೆ 2, ಗೆರೆಗಳ ಸಾಂದ್ರತೆಗೆ 1. ಫಾಲ್ಟ್ ಸುತ್ತ 500 ಮೀಟರ್, 1 ಕಿಲೋಮೀಟರ್, 2 ಕಿಲೋಮೀಟರ್ ಎಂದು ಪಟ್ಟೆ ಹಾಕಿ. ನಿಮ್ಮ ತೂಕ ಬೇರೆ ಇರಬಹುದು, ಕಾರಣ ಬರೆದಿದ್ದರೆ ತಕರಾರಿಲ್ಲ. ಅಂಕಿ-ಅಂಶದಿಂದ ತಾನೇ ತೂಕ ಕಲಿಯುವ ವಿಧಾನಗಳಿಗೆ ಹತ್ತಾರು ನಿಕ್ಷೇಪಗಳ ಪಟ್ಟಿ ಬೇಕು. ಇಲ್ಲಿ ಇರುವುದು ಬೆರಳೆಣಿಕೆಯಷ್ಟು, ಕೈ ಹಾಕಬೇಡಿ.

ಗೋಗಿಯ ಸ್ಥಾನವನ್ನು ನಕ್ಷೆ ಮಾಡುವಾಗ ಬಳಸಿರಬಾರದು. ನಕ್ಷೆ ಮುಗಿದ ಮೇಲೆ ಅದನ್ನು ಇಟ್ಟು ನೋಡಿ. 'ಅತಿ ಹೆಚ್ಚು' ವರ್ಗದಲ್ಲಿ ಬಿತ್ತೇ? ಸಂತೋಷ. ಈಗ ಇನ್ನೊಂದು ಪ್ರಶ್ನೆ: ಆ ವರ್ಗ ಇಡೀ ನಕ್ಷೆಯ ಎಷ್ಟು ಪಾಲು? ಅರ್ಧ ಜಿಲ್ಲೆಯನ್ನೇ 'ಅತಿ ಹೆಚ್ಚು' ಎಂದು ಬಣ್ಣಿಸಿದ್ದರೆ ಗೋಗಿ ಅದರೊಳಗೆ ಬೀಳದೆ ಎಲ್ಲಿಗೆ ಹೋಗುತ್ತದೆ? ನೂರಕ್ಕೆ ಐದು ಪಾಲಿನೊಳಗೆ ಹಿಡಿದು ನಿಲ್ಲಿಸಿ. ಬಸಾಲ್ಟ್ ಮತ್ತು ದಪ್ಪ ಎರೆ ಮುಚ್ಚಿದ ಭಾಗಕ್ಕೆ 'ಕಡಿಮೆ' ಎಂದು ಬಣ್ಣ ಬಳಿಯಬೇಡಿ. ಅಲ್ಲಿ ಬೂದು ಬಣ್ಣ ಹಾಕಿ 'ಕಾಣದ ಪ್ರದೇಶ' ಎನ್ನಿ.

## ಹಂತ 10: ನೆಲಕ್ಕೆ ಇಳಿಯಿರಿ

ಹೊರಡುವ ಮೊದಲು ಕಾನೂನು. ಯುರೇನಿಯಂ ಪರಮಾಣು ಖನಿಜ. ಅದರ ಶೋಧ ನಡೆಸುವುದು ಪರಮಾಣು ಶಕ್ತಿ ಇಲಾಖೆಯ ಕೆಳಗಿನ ಪರಮಾಣು ಖನಿಜ ನಿರ್ದೇಶನಾಲಯ, ಕೇಂದ್ರ ಕಚೇರಿ ಹೈದರಾಬಾದ್. ವಿದ್ಯಾರ್ಥಿಯಾಗಿ ನೀವು ಮಾಡಬಹುದಾದದ್ದು ಕಲ್ಲು ನೋಡುವುದು, ಇಳಿಜಾರು ಅಳೆಯುವುದು, ವಿಭಾಗದ ಪತ್ರದೊಂದಿಗೆ ಗಾಮಾ ಎಣಿಕೆ ತೆಗೆಯುವುದು. ಗುಂಡಿ ತೋಡುವುದು, ಅದಿರಿನಂಥ ಕಲ್ಲು ಚೀಲಕ್ಕೆ ಹಾಕಿ ಹಾಸ್ಟೆಲಿಗೆ ತರುವುದು, ಗಣಿ ಪ್ರದೇಶದ ಬೇಲಿ ದಾಟುವುದು ಯಾವುದೂ ಕೂಡದು.

ಹೊಲಕ್ಕೆ ಕಾಲಿಡುವ ಮೊದಲು ಹೊಲದವರನ್ನು ಕೇಳಿ. 'ಏನ್ ಹುಡಕ್ಲಾಕತ್ತೀರಿ ಸರ್, ಬಂಗಾರ ಅದಾ ಏನ್ರಿ?' ಎಂದು ಕೇಳಿಯೇ ಕೇಳುತ್ತಾರೆ. ಕಲ್ಲಿನ ನಕ್ಷೆ ಮಾಡುತ್ತಿದ್ದೇವೆ ಎನ್ನಿ, ಅದು ಸುಳ್ಳಲ್ಲ. ಖಾತ್ರಿಯಿಲ್ಲದ ಯುರೇನಿಯಂ ಸುದ್ದಿ ಬಿತ್ತಿ ಬಂದರೆ ನೀವು ಬಸ್ಸು ಹತ್ತಿದ ಮೇಲೆ ಊರಿನವರು ಬಾವಿ ನೀರು ಕುಡಿಯಲು ಹೆದರುತ್ತಾರೆ.

ಕೈಯಲ್ಲಿ ಸುತ್ತಿಗೆ, ಕ್ಲಿನೋಮೀಟರ್ ದಿಕ್ಸೂಚಿ, ಮಸೂರ, ಜಿಪಿಎಸ್, ಸಣ್ಣ ಬಾಟಲಿಯಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲ. ಹನಿ ಹಾಕಿದಾಗ ನೊರೆ ಬಂದರೆ ಸುಣ್ಣಕಲ್ಲು. ಫಾಲ್ಟಿಗೆ ಹತ್ತಿರ ಬಂದಿರಿ ಎಂಬುದಕ್ಕೆ ಈ ಬೇಸಿನ್ನಿನಲ್ಲಿ ಅತಿ ನಂಬಲರ್ಹ ಗುರುತು ಪದರಗಳ ವಾಲಿಕೆ. ಬೇರೆಡೆ ಚಾಪೆಯಂತೆ ಮಟ್ಟಸ ಮಲಗಿರುವ ಶಹಾಬಾದ್ ಕಲ್ಲು ಫಾಲ್ಟ್ ಹತ್ತಿರ ಕಡಿದಾಗಿ ಎದ್ದು ನಿಲ್ಲುತ್ತದೆ. ಅದರ ಜೊತೆಗೆ ಚೂಪು ಚೂರುಗಳು ಬಿಳಿ ಕ್ಯಾಲ್ಸೈಟ್‌ನಲ್ಲಿ ಅಂಟಿಕೊಂಡ ನುಚ್ಚುಗಲ್ಲು, ಉಜ್ಜಿ ನುಣುಪಾದ ಬಂಡೆಯ ಮೈ, ಪೈರೈಟ್ ಕೊಳೆತ ತುಕ್ಕಿನ ಕಲೆ ನೋಡಿ. ಗೆರೆಯ ಉದ್ದಕ್ಕೆ ನಡೆಯಬೇಡಿ, ಅಡ್ಡ ನಡೆಯಿರಿ, ಆಗಲೇ ಎರಡೂ ಕಡೆಯ ವ್ಯತ್ಯಾಸ ಗೊತ್ತಾಗುವುದು.

ಎಣಿಕೆ ತೆಗೆಯುವ ಉಪಕರಣ ಇದ್ದರೆ ಮೊದಲು ಪ್ರತಿ ಬಗೆಯ ಕಲ್ಲಿನ ಸಾಮಾನ್ಯ ಎಣಿಕೆ ಬರೆದುಕೊಳ್ಳಿ. ಗಣಿಯ ಮೂಲೆ, ಗುಂಡಿಯೊಳಗೆ ಸುತ್ತಲೂ ಕಲ್ಲು ಇರುವುದರಿಂದ ಎಣಿಕೆ ತಾನಾಗಿ ಏರುತ್ತದೆ, ಅದು ಅದಿರಲ್ಲ. ಮಳೆ ಬಿದ್ದ ಕೂಡಲೇ ಅಳೆಯಬೇಡಿ. ಗಾಳಿಯಲ್ಲಿದ್ದ ರೇಡಾನ್ ಅನಿಲದ ಮರಿ ಧಾತುಗಳನ್ನು ಮಳೆ ನೆಲಕ್ಕೆ ಇಳಿಸಿರುತ್ತದೆ, ಮೂರು ಗಂಟೆಯಾದರೂ ಕಾಯಿರಿ.

ಬಾವಿ ನೀರಿನ ಮಾದರಿ ತೆಗೆದರೆ ಅದನ್ನು 0.45 ಮೈಕ್ರಾನ್ ಜರಡಿಯಲ್ಲಿ ಸೋಸಿ, ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಬೈಕಾರ್ಬೊನೇಟ್ ಅಳೆಯಲು ಆಮ್ಲ ಹಾಕದ ಇನ್ನೊಂದು ಬಾಟಲಿ ಬೇಕು, ಅದಿಲ್ಲದೆ ಯುರೇನಿಯಂ ಸಂಖ್ಯೆಗೆ ಅರ್ಥ ಹೇಳಲಾಗದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಗಳಲ್ಲೂ ಹೆಚ್ಚು ಯುರೇನಿಯಂ ಸಿಕ್ಕಿದೆ, ಅಲ್ಲಿ ಅದಿರಿಲ್ಲ. ಸಾಮಾನ್ಯ ಗ್ರಾನೈಟನ್ನೇ ಆಳದ ನೀರು ತೊಳೆದರೂ ಅಷ್ಟು ಬರುತ್ತದೆ. ಯಾವುದೇ ಕುಡಿಯುವ ಬಾವಿಯಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಾಟಿದ್ದರೆ ಅದು ಪ್ರಾಜೆಕ್ಟಿನ ಅನುಬಂಧಕ್ಕೆ ಹೋಗುವ ಸಂಖ್ಯೆಯಲ್ಲ, ಅದೇ ವಾರ ನಿಮ್ಮ ಮಾರ್ಗದರ್ಶಕರ ಮೂಲಕ ಜಿಲ್ಲಾಡಳಿತಕ್ಕೆ ತಲುಪಬೇಕಾದ ಪತ್ರ.

ಊರಿಗೆ ವಾಪಸಾದ ದಿನವೇ ಟಿಪ್ಪಣಿ ಪುಸ್ತಕ ತೆರೆದು ನಕ್ಷೆ ತಿದ್ದಿ. ಯಾವ ಗೆರೆ ನಿಜವಾದ ಫಾಲ್ಟ್, ಯಾವುದು ಎತ್ತಿನ ಗಾಡಿಯ ಹಳೆ ದಾರಿ, ಯಾವುದನ್ನು ನೋಡಲಾಗಲಿಲ್ಲ ಎಂದು ಮೂರು ಬಣ್ಣ. ಹುಸಿಯಾದ ಗೆರೆಗಳನ್ನು ಅಳಿಸದೆ ವರದಿಯಲ್ಲಿ ಉಳಿಸಿ, ಮುಂದಿನ ವರ್ಷ ಅದೇ ತಾಲ್ಲೂಕಿಗೆ ಹೋಗುವ ಹುಡುಗನಿಗೆ ಎರಡು ದಿನ ಉಳಿಯುತ್ತದೆ.